ಕರೀಹಳ್ಳಕ್ಕೆ ಎರಡನೇ ಗೇರು

ಅಫಜಲಪುರದ ತನ್ನ ವೆಲ್ಡಿಂಗ್ ಅಂಗಡಿಯ ಮೆಟ್ಟಿಲನ್ನು ಶಿವಗಂಗಾ ಹತ್ತುವುದನ್ನು ಕಂಡ ಕೂಡಲೇ ಕಲ್ಲಿನಾಥ ಮುಖಕ್ಕೆ ಹಿಡಿದಿದ್ದ ಕರಿಗಾಜನ್ನು ಕೆಳಗಿಟ್ಟು ಎದ್ದು ನಿಂತ. ವೆಲ್ಡಿಂಗಿನ ಕಿಡಿ ಆರಿತು. ಅರ್ಧ ಬೆಸೆದ ಕಿಟಕಿಯ ಗ್ರಿಲ್ಲು ಅವನ ಕಾಲ ಬಳಿ ಹೊಗೆಯಾಡುತ್ತಿತ್ತು.

“ಬೈಯೂದಿದ್ರ ಒಳಗ ಬಂದು ಬೈರಿ ಅಕ್ಕಾರ,” ಎಂದ, ನೆಲ ನೋಡುತ್ತ. “ರಸ್ತಾದಾಗ ಮಂದಿ ನಿಂತು ನೋಡಾಕತ್ತಾರ. ನನಗ ರೂಢಿ ಆಗ್ಯದ. ನಿಮಗ ಚಲೋ ಕಾಣೂದಿಲ್ಲ.”

“ಬೈಯಾಕ ಬಂದಿಲ್ರಿ. ಕೆಲಸ ಅದ.”

ಅವನು ತಲೆಯೆತ್ತಿದ. ಕಿಡಿ ಸಿಡಿದು ಸಿಡಿದು ಅವನ ಚಷ್ಮಾದ ಎಡಗಾಜಿನ ತುಂಬ ಸಣ್ಣ ಚುಕ್ಕಿಗಳಾಗಿದ್ದವು. ಆ ಚುಕ್ಕಿಗಳ ಹಿಂದಿದ್ದ ಕಣ್ಣು ಅವಳನ್ನು ನಂಬಲಿಲ್ಲ.

ಅವನ ಮುಖ ನೋಡಲಾರದೆ ಅವಳು ಗೋಡೆ ನೋಡಿದಳು. ನೋಡಬಾರದಿತ್ತು. ಬಂದ ಗಿರಾಕಿಯ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿ ಒಂದು ಮುರಿದ ಕೊಂಡಿ ಮೊಳೆಗೆ ನೇತುಬಿದ್ದಿತ್ತು. ಪಿಕಪ್ಪಿಗೂ ಅದು ಎಳೆಯುವ ಟ್ರೇಲರಿಗೂ ನಡುವೆ ಇರುವ ಉಕ್ಕಿನ ಕೊಂಡಿ.

“ಅದನ್ಯಾಕ ಇಟ್ಕೊಂಡೀರಿ?”

“ಮರೀಬಾರದು ಅಂತ.”

ಶಿವಗಂಗಾಳ ಗಂಡ ಗುರುಶಾಂತ ಎರಡು ವರ್ಷದ ಹಿಂದೆ ಸತ್ತದ್ದು ಆ ಕೊಂಡಿ ಕಿತ್ತುಹೋದದ್ದರಿಂದ, ಅದನ್ನು ಬೆಸೆದವನು ಕಲ್ಲಿನಾಥ ಎಂದು ಅಫಜಲಪುರದಿಂದ ಆಳಂದದವರೆಗೆ ಎಲ್ಲರಿಗೂ ಗೊತ್ತಿತ್ತು.

ಎಲ್ಲರಿಗೂ ಗೊತ್ತಿದ್ದದ್ದು ಸುಳ್ಳು. ಅದು ಸುಳ್ಳೆಂದು ತಿಳಿದವಳು ಒಬ್ಬಳೇ. ಅವಳು ಈಗ ಆ ಅಂಗಡಿಯ ಬಾಗಿಲಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು.

*

ಅತನೂರಿನ ಬೀರಲಿಂಗಪ್ಪನ ಮನೆಯವರದು ತೊಗರಿ ಒಕ್ಕಿ ರಾಶಿ ಮಾಡುವ ಮಷಿನ್ನಿನ ವ್ಯವಹಾರ. ಬೇರೆಯವರ ಮಷಿನ್ನುಗಳು ಟ್ರ್ಯಾಕ್ಟರಿನ ಹಿಂದೆ ಊರಿಂದೂರಿಗೆ ತೆವಳುತ್ತಿದ್ದವು. ಬೀರಲಿಂಗಪ್ಪನ ಮಗ ಗುರುಶಾಂತ ಮಾತ್ರ ಪುಣೆಯಿಂದ ಹಳೆಯ ಆಟೋಮ್ಯಾಟಿಕ್ ಪಿಕಪ್ ಒಂದನ್ನು ತಂದ. ಸ್ವಂತ ಇಂಜಿನ್ ಇದ್ದ ಮಷಿನ್ನನ್ನು ಕಲ್ಲಿನಾಥ ಕಟ್ಟಿಕೊಟ್ಟ ಟ್ರೇಲರಿನ ಮೇಲೆ ಕೂಡಿಸಿದ. ಬೆಳಿಗ್ಗೆ ಆಳಂದದಲ್ಲಿ ರಾಶಿ ಮುಗಿಸಿದರೆ ಮಧ್ಯಾಹ್ನ ಜೇವರ್ಗಿಯಲ್ಲಿರುತ್ತಿದ್ದ.

ಆ ಗಾಡಿಯಲ್ಲಿ ಟ್ರೇಲರಿನ ಚಿತ್ರವಿದ್ದ ಒಂದು ಗುಂಡಿಯಿತ್ತು. ಟೋ ಮೋಡ್. ಅದನ್ನು ಒತ್ತಿದರೆ ಗಾಡಿ ಅವಸರಪಟ್ಟು ಮೇಲಿನ ಗೇರಿಗೆ ಹೋಗುವುದಿಲ್ಲ. ಏರಿನಲ್ಲಿ ಕೆಳಗಿನ ಗೇರಿನಲ್ಲೇ ಎಳೆಯುತ್ತದೆ. ಇಳಿಜಾರಿನಲ್ಲಿ ಹಿಂದಿನ ಭಾರವನ್ನು ಇಂಜಿನ್ನೇ ತಡೆದು ಹಿಡಿಯುತ್ತದೆ. ಹಿಡಿಯುವಾಗ ಕೂಗುತ್ತದೆ.

ಗುರುಶಾಂತ ಸತ್ತ ದಿನ ಕರೀಹಳ್ಳದ ಇಳಿಜಾರಿನಲ್ಲಿಯೂ ಕೂಗುತ್ತಿತ್ತು. ಗಂಡನ ಪಕ್ಕ ಕೂತಿದ್ದ ಶಿವಗಂಗಾ ಇಜೇರಿಯಲ್ಲಿದ್ದ ತಾಯಿಗೆ ಫೋನು ಹಚ್ಚಿದ್ದಳು. ಊಟಕ್ಕೆ ಬರುತ್ತೇವೆಂದು ಹೇಳುವುದಿತ್ತು. “ಯವ್ವಾ, ಕೇಳಸವಲ್ದು,” ಎಂದು ಎರಡು ಸಲ ಒದರಿ, ಗಂಡನ ಕಡೆ ತಿರುಗಿ, “ಎಷ್ಟ್ ಕೂಗತದ್ರಿ ಇದು, ಜರಾ ಬಂದ್ ಮಾಡ್ರಿ,” ಎಂದಳು.

ಹೆಂಡತಿ ಕೇಳಿದ್ದಕ್ಕೆ ಇಲ್ಲ ಎನ್ನುವವನಲ್ಲ ಗುರುಶಾಂತ. ನಕ್ಕು ಟೋ ಮೋಡ್ ಆರಿಸಿದ. ಅದು ಸಾಲದೆಂದು ಗೇರನ್ನೂ ನ್ಯೂಟ್ರಲ್ಲಿಗೆ ತಂದ. ಇಳಿಜಾರು ಬಂದರೆ ನ್ಯೂಟ್ರಲ್ ಹಾಕಿ ಡೀಸೆಲ್ ಉಳಿಸುವುದು ಆ ಕಡೆಯ ಡ್ರೈವರುಗಳಿಗೆಲ್ಲ ಇರುವ ಚಟ. ಗಾಡಿ ಸದ್ದಿಲ್ಲದೆ ಜಾರತೊಡಗಿತು. “ಈಗ ಮಾತಾಡು ಮಹಾರಾಣಿ,” ಎಂದ.

ಎರಡು ಟನ್ನಿನ ಮಷಿನ್ನು ಹಿಂದಿನಿಂದ ದಬ್ಬಿತು. ಅವನು ಬ್ರೇಕ್ ಒತ್ತಿದ, ಒತ್ತಿಯೇ ಹಿಡಿದ. ಸುಟ್ಟ ವಾಸನೆ ಬಂತು. ಆಮೇಲೆ ಬ್ರೇಕು ಇರಲಿಲ್ಲ. ಸೇತುವೆಯ ಗೋಡೆಗೆ ಅವನು ಕೂತ ಬದಿಯೇ ಬಡಿಯಿತು. ಬಡಿದ ಮೇಲೆ ಟ್ರೇಲರ್ ಮಗುಚಿತು; ಮಗುಚುವಾಗ ಕೊಂಡಿ ಮುರಿಯಿತು.

ಆಸ್ಪತ್ರೆಯಲ್ಲಿ ಕೊರಳೆಲುಬಿಗೆ ಪಟ್ಟಿ ಹಾಕಿಸಿಕೊಂಡು ಮಲಗಿದ್ದವಳನ್ನು ಊರಿನ ಖಾದರಸಾಬ ಮೆಲ್ಲಗೆ ಕೇಳಿದ್ದ: “ಕೊಂಡಿ ಕಿತ್ತಿತಂತಲ್ಲ ತಂಗಿ, ಹೌದೇನು?” ಕೇಡು ಬಗೆಯುವ ಮನುಷ್ಯನಲ್ಲ ಅವನು, ಹಳ್ಳದಲ್ಲಿ ಕಂಡದ್ದನ್ನು ಕೇಳಿದ. ಮಾವ ಬೀರಲಿಂಗಪ್ಪ ಅವಳ ಮುಖವನ್ನೇ ನೋಡುತ್ತ ನಿಂತಿದ್ದ.

ಅವಳು ಹೌದೆಂದು ತಲೆಯಾಡಿಸಿದಳು.

ಅಷ್ಟೇ. ಬಾಯಿಬಿಟ್ಟು ಅವಳು ಒಂದು ಸುಳ್ಳನ್ನೂ ಹೇಳಲಿಲ್ಲ. ಮಂದಿ ಕಲ್ಲಿನಾಥನ ಹತ್ತಿರ ಟ್ರೇಲರ್ ಕಟ್ಟಿಸುವುದನ್ನು ಬಿಟ್ಟರು. ನಿಶ್ಚಯವಾಗಿದ್ದ ಹೆಣ್ಣಿನ ಕಡೆಯವರು ಸಂಬಂಧ ಮುರಿದುಕೊಂಡರು. ಗುರುಶಾಂತನ ತಿಥಿಯ ಊಟದ ಹೊತ್ತಿಗೆ ಕಲ್ಲಿನಾಥ ಬಂದಿದ್ದ. ಬೀರಲಿಂಗಪ್ಪ ಎದ್ದು ಹೋಗಿ ಬಾಗಿಲು ಹಾಕಿದ್ದ. ಅಗಳಿ ಬಿದ್ದ ಸದ್ದು ಒಳಮನೆಯಲ್ಲಿದ್ದ ಶಿವಗಂಗಾಳಿಗೂ ಕೇಳಿಸಿತ್ತು.

*

“ಏನ್ ಕೆಲಸ?” ಎಂದ ಕಲ್ಲಿನಾಥ.

“ಪಿಕಪ್, ಟ್ರೇಲರ್ ಎರಡೂ ರಿಪೇರಿ ಆಗ್ಯಾವ. ಈ ವರ್ಷ ಪಿಕಪ್ ಮತ್ತ ಮಷಿನ್ ಎಳೀತದ. ಮಾವಾರ ಮೊಣಕಾಲು ಹೋಗ್ಯಾವ. ಡ್ರೈವರ್ ಹಫೀಜ ಮುಂಬೈಗೆ ಹೋದ. ನಾನೇ ಓಡಿಸ್ತೇನಿ.”

“ಕೊಂಡಿ ನಾ ಮಾಡೂದಿಲ್ರಿ. ಬಿಟ್ಟೇನಿ.”

“ಕೊಂಡಿ ಕಲಬುರಗಿಯಿಂದ ಬಂದದ. ಕೂಡಿಸಿ ಆಗ್ಯದ. ನನಗ ಗಾಡಿ ಓಡಸಾಕ ಬರ್ತದ, ಭಾರ ಎಳಿಯಾಕ ಬರೂದಿಲ್ಲ. ಕಲಿಸಬೇಕು.”

“ನಾನ?” ಅವನಿಗೆ ನಗು ಬಂದಿತೋ ಕೆಮ್ಮೋ ತಿಳಿಯಲಿಲ್ಲ. “ಊರಾಗ ಬ್ಯಾರೆ ಯಾರೂ ಸಿಗಲಿಲ್ಲೇನ್ರಿ?”

“ಆ ಗಾಡಿ ಪುಸ್ತಕ ನಿಮ್ಮ ಹಂತೇಕ ಅದ ಅಂತ ಹಫೀಜ ಅಂದಿದ್ದ.”

ಇತ್ತು. ಇಂಗ್ಲಿಷಿನ ದಪ್ಪ ಪುಸ್ತಕ. ಡಿಕ್ಷನರಿ ಇಟ್ಟುಕೊಂಡು ಹನ್ನೊಂದು ಸಲ ಓದಿದ್ದ. ತಾನು ಎಲ್ಲಿ ತಪ್ಪಿದೆ ಎಂದು ಹುಡುಕುವುದಕ್ಕೆ. ಸಿಕ್ಕಿರಲಿಲ್ಲ, ಸಿಗದಿದ್ದದ್ದು ತನ್ನ ದಡ್ಡತನ ಎಂದುಕೊಂಡಿದ್ದ.

“ಸೋಮವಾರ ನಾ ಸೋಲಾಪುರಕ್ಕ ಹೊಂಟೇನಿ ಅಕ್ಕಾರ. ಅಲ್ಲಿ ಒಂದು ಕಾರ್ಖಾನ್ಯಾಗ ಕೆಲಸ ಸಿಕ್ಕದ. ಅಂಗಡಿ ಮುಚ್ಚಾಕತ್ತೇನಿ.”

“ಇವತ್ತು ಮಂಗಳವಾರ,” ಎಂದಳು ಶಿವಗಂಗಾ. “ಇನ್ನ ಐದು ದಿನ ಅವ.”

*

ಮನೆಯಲ್ಲಿ ಅವಳು “ಗಾಡಿ ರೂಢಿ ಮಾಡ್ಕೋತೇನಿ” ಎಂದು ಹೇಳಿ ಹೊರಟಳು. ಅದು ಸುಳ್ಳಲ್ಲ, ಪೂರ್ತಿ ಖರೆಯೂ ಅಲ್ಲ. ಅಂಥ ಮಾತು ಅವಳಿಗೆ ಈಗ ಸಲೀಸಾಗಿ ಬರುತ್ತಿತ್ತು, ಅದೇ ಅವಳಿಗೆ ಹೆದರಿಕೆ.

ಗೊಬ್ಬೂರಿನ ಆಚೆಯ ಖಾಲಿ ರಸ್ತೆ. ಎರಡೂ ಬದಿಗೆ ಕೊಯ್ಲಾದ ತೊಗರಿ ಹೊಲ. ಕರಿಮಣ್ಣಿನಲ್ಲಿ ಕೂಳೆ ಮಾತ್ರ ನಿಂತಿತ್ತು. ಕಲ್ಲಿನಾಥ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು, ಅವಳಿಂದ ಎಷ್ಟು ದೂರ ಸಾಧ್ಯವೋ ಅಷ್ಟು ದೂರ, ಬಾಗಿಲಿಗೆ ಅಂಟಿ ಕೂತಿದ್ದ.

“ಜರಾ ಈ ಕಡೆ ಸರೀರಿ ಮಿಸ್ತ್ರಿ. ಬಾಗಲಾ ತೆರಕೊಂಡ್ರ ನೀವು ಹೊಲದಾಗ, ಪುಸ್ತಕ ರಸ್ತಾದಾಗ.”

ಅವನು ನಾಲ್ಕು ಬೆರಳಿನಷ್ಟು ಸರಿದ. ಕಿವಿ ಕೆಂಪಾಗಿತ್ತು. ಅವಳು ರಸ್ತೆಯ ಕಡೆ ತಿರುಗಿದ್ದರೂ ಅದನ್ನು ನೋಡಿದಳು.

ಮೊದಲ ದಿನ ಅವನು ಜಾಕ್ ಹಚ್ಚಿ ಮಷಿನ್ನನ್ನು ಟ್ರೇಲರಿನ ಮೇಲೆ ಒಂದು ಗೇಣು ಮುಂದಕ್ಕೆ ಸರಿಸಿ ಬಿಗಿಸಿದ. “ಭಾರ ಹಿಂದ ಬಿದ್ರ ಟ್ರೇಲರ್ ಬಾಲ ಆಡಸ್ತದ. ಜರಾ ಮುಂದ ಇರಬೇಕು, ಕೊಂಡಿ ಮ್ಯಾಲ.” ಕೊಂಡಿ ಎನ್ನುವಾಗ ಪ್ರತಿ ಸಲ ಅವನ ದನಿ ಇಳಿಯುತ್ತಿತ್ತು.

“ನೋಡ್ರಿ, ಗೇರಿನ್ಯಾಗ ಡಿ ಅಂದ್ರ ಗಾಡಿ ಬುದ್ಧಿ, ಗೇರು ತಾನ ಬದಲಸ್ತದ. ಎಂ ಅಂದ್ರ ನಿಮ್ಮ ಬುದ್ಧಿ, ನೀವು ಬದಲಸಬೇಕು. ಖಾಲಿ ಇದ್ದಾಗ ಗಾಡಿ ಬುದ್ಧಿ ಸಾಕು. ಭಾರ ಇದ್ದಾಗ ಟೋ ಮೋಡ್ ಒತ್ರಿ. ದೊಡ್ಡ ಇಳಿಜಾರು ಬಂತಂದ್ರ ಎಂಗೆ ತಂದು ಎರಡನೇ ಗೇರಿನ್ಯಾಗ ಇಡ್ರಿ. ಇಳಿಯೂಕ್ಕಿಂತ ಮೊದಲ, ನಡುವ ಅಲ್ಲ.”

“ನನ್ನ ಬುದ್ಧಿ ಮ್ಯಾಲ ಭರೋಸಾ ಅದ ಏನ್ರಿ?”

“ಗಾಡೀದಕ್ಕಿಂತ ಚಲೋ ಕಾಣಸ್ತದ.”

“ಅಬ್ಬಾ! ಗಾಡಿಕ್ಕಿಂತ ಶಾಣ್ಯಾ ಅಂದ್ರಿ. ಇಷ್ಟು ದೊಡ್ಡ ಮಾತು ನನಗ ಯಾರೂ ಅಂದಿರಲಿಲ್ಲ.”

ಅವನು ನಕ್ಕ. ನಕ್ಕದ್ದಕ್ಕೆ ತಾನೇ ಬೆಚ್ಚಿಬಿದ್ದವನಂತೆ ಪುಸ್ತಕದ ಹಾಳೆ ತಿರುವಿದ.

ಗುರುವಾರ ಸಣ್ಣದೊಂದು ಇಳಿಜಾರಿನಲ್ಲಿ ಗಾಡಿ ಎರಡನೇ ಗೇರಿನಲ್ಲಿ ಕೂಗತೊಡಗಿತು. ಆ ಕೂಗು ಕಿವಿಗೆ ಬಿದ್ದದ್ದೇ ಶಿವಗಂಗಾಳ ಕೈ ತನಗೆ ತಾನೇ ಗುಂಡಿಯ ಕಡೆ ಹೋಯಿತು. ಕಲ್ಲಿನಾಥ ತನ್ನ ಅಂಗೈಯನ್ನು ಗುಂಡಿಯ ಮೇಲೆ ಅಡ್ಡ ಹಿಡಿದ. ಅವಳ ಬೆರಳು ಅವನ ಕೈಯ ಸುಟ್ಟ ಕಲೆಗಳಿಗೆ ತಾಗಿ ನಿಂತವು.

“ಕೂಗಲಿ ಬಿಡ್ರಿ,” ಎಂದ ಮೆಲ್ಲಗೆ. “ಅದು ಹಿಡಕೊಂಡದ ಅಂತ ಕೂಗಾಕತ್ತದ. ಸುಮ್ಮನಾದ್ರ ಹೆದರಬೇಕು. ಬ್ರೇಕಿನ ಮ್ಯಾಲ ಕಾಲಿಟ್ಟು ಕುಂದರಬ್ಯಾಡ್ರಿ. ಒತ್ರಿ, ಬಿಡ್ರಿ. ಹಾಂ. ಮತ್ತ ಒತ್ರಿ.”

ಕೆಳಗೆ ಬಂದು ಗಾಡಿ ನಿಲ್ಲಿಸಿದಾಗ ಅವಳು ಅಳುತ್ತಿದ್ದಳು. ಅವನು ತನ್ನ ಬದಿಯ ಕಿಟಕಿಯಾಚೆ ನೋಡುತ್ತ ಹೇಳಿದ: “ನನ್ನ ಕೈ ಸುಡಲಿ. ಗುರುಶಾಂತಣ್ಣನ ನೆನಪಾಯ್ತಲ್ಲ? ನನ್ನ ಬಾಜೂಕ ಹ್ಯಾಂಗ ಕುಂದರ್ತೀರಿ ನೀವು, ನನಗ ತಿಳಿವಲ್ದು.”

ಈಗ ಹೇಳಬೇಕು ಎಂದುಕೊಂಡಳು. ಬಾಯಿ ತೆರೆದಳು. “ನೀರದ ಏನ್ರಿ?” ಎಂದು ಕೇಳಿದಳು. ಅವನು ಬಾಟಲಿ ಕೊಟ್ಟ.

ಶುಕ್ರವಾರ ಸೀಟಿನ ಬೆಲ್ಟ್ ಎಳೆದುಕೊಂಡಾಗ ಅದು ಎಂದಿನಂತೆ ಕೊರಳೆಲುಬಿಗೆ ಒರೆಯಲಿಲ್ಲ. ಮುರಿದು ಕೂಡಿದ ಎಲುಬು ಬರುವ ಕಡೆಗೆ ಸರಿಯಾಗಿ, ಬೆಲ್ಟಿಗೆ ಮೆತ್ತನೆಯ ಬಟ್ಟೆ ಸುತ್ತಿ ಹೊಲಿಯಲಾಗಿತ್ತು. ಹೊಲಿಗೆ ದಪ್ಪ, ಅಂಕುಡೊಂಕು; ಗೋಣಿಚೀಲ ಹೊಲಿಯುವ ದಾರ. ಅವಳು ಒಮ್ಮೆಯೂ ನೋವೆಂದಿರಲಿಲ್ಲ. ಹೆಗಲು ಕುಗ್ಗಿಸುವುದನ್ನು ಅವನು ಕನ್ನಡಿಯಲ್ಲಿ ನೋಡಿದ್ದಿರಬೇಕು.

ಆ ದಿನವೆಲ್ಲ ಇಬ್ಬರೂ ಗಾಡಿಯ ಕನ್ನಡಿಯನ್ನು ಬೇಕಾದ್ದಕ್ಕಿಂತ ಹೆಚ್ಚು ಸಲ ನೋಡಿದರು.

ಹೊಲದ ಬದುವಿನ ಮೇಲೆ ಕೂತು ಅವಳು ತಂದ ಜೋಳದ ರೊಟ್ಟಿ, ಶೇಂಗಾ ಹಿಂಡಿ ತಿಂದರು. ಅವನು ‘ಅಕ್ಕಾರ’ ಎನ್ನುವುದನ್ನು ಬಿಟ್ಟಿದ್ದಾನೆ ಎಂದು ಎರಡನೇ ರೊಟ್ಟಿ ಮುರಿಯುವಾಗ ಅವಳಿಗೆ ಹೊಳೆಯಿತು. ಯಾವಾಗ ಬಿಟ್ಟ? ನಿನ್ನೆಯೇ ಇರಬೇಕು.

“ಸೋಲಾಪುರಕ್ಕ ಹೋಗಬ್ಯಾಡ ಅಂತ ಯಾರಾದ್ರೂ ಅಂದ್ರ…” ಎಂದು ಅವನು ಮಾತು ನಿಲ್ಲಿಸಿದ.

“ಯಾರು ಅನ್ನಬೇಕು?”

“ಯಾರೋ ಒಬ್ಬರು.”

“ಆ ಒಬ್ಬರಿಗೆ ಹೆಸರಿಲ್ಲೇನು?”

“ಅದ. ನಾಲಿಗಿ ಮ್ಯಾಲ ಬರವಲ್ದು.” ರೊಟ್ಟಿಯ ಚೂರನ್ನು ಬೆರಳಲ್ಲಿ ತಿರುವುತ್ತ ಕೂತ. ಆಮೇಲೆ ಅವನ ಮುಖದ ಬೆಳಕು ಹೋಯಿತು. “ಬರಬಾರದು. ನನ್ನ ಕೈಯಿಂದ ಸತ್ತವನ ಮನಿ ಬಾಗಲಕ್ಕ ನಾ ಯಾವ ಮುಖ ಹೊತ್ತು ಬರ್ಲಿ? ಅವರಪ್ಪ ಬಾಗಲಾ ಹಾಕಿದ್ದು ಬರೋಬರಿ ಅದ.”

ತೊಗರಿಯ ಕೂಳೆಗಳ ಮೇಲೆ ಬಿಸಿಲು ಸುಮ್ಮನೆ ಬಿದ್ದಿತ್ತು. ಶಿವಗಂಗಾ ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿದಳು.

ಹೇಳದಿದ್ದರೆ ಅವನು ತನ್ನದಲ್ಲದ ಸಾವನ್ನು ಹೊತ್ತುಕೊಂಡು ಊರು ಬಿಡುತ್ತಾನೆ. ಹೇಳಿದರೆ ಅವಳನ್ನು ಬಿಡುತ್ತಾನೆ. ಎರಡರಲ್ಲೂ ಅವನು ಉಳಿಯುವುದಿಲ್ಲ. ಎರಡು ವರ್ಷದ ಹಿಂದೆ ಹೇಳಿದ್ದರೆ ಗಂಡನನ್ನು ಕಳೆದುಕೊಂಡವಳಾಗಿ ಉಳಿಯುತ್ತಿದ್ದೆ, ಈಗ ಏನಾಗಿದ್ದೇನೆ ಎಂದು ಯೋಚಿಸಿ ಅವಳು ರಾತ್ರಿಯೆಲ್ಲ ಅತ್ತೆ ಸಕ್ಕುಬಾಯಿಯ ಪಕ್ಕದಲ್ಲಿ ಕಣ್ಣು ಮುಚ್ಚದೆ ಮಲಗಿದಳು.

*

ಶನಿವಾರ ಪೂರ್ತಿ ಭಾರ ಹೊತ್ತು ಕರೀಹಳ್ಳ ಇಳಿಸುವುದೆಂದು ಮೊದಲೇ ಮಾತಾಗಿತ್ತು. ಜೇವರ್ಗಿಗೆ ಹೋಗಬೇಕೆಂದರೆ ಬೇರೆ ದಾರಿಯಿಲ್ಲ.

ಇಳಿಜಾರಿನ ನೆತ್ತಿಯಲ್ಲಿ ಗಾಡಿ ನಿಲ್ಲಿಸಿದಳು. ಕೆಳಗೆ ಸೇತುವೆ ಕಾಣುತ್ತಿತ್ತು. ಒಂದು ಬದಿಯ ಗೋಡೆಗೆ ಹೊಸ ಸಿಮೆಂಟು.

“ಬ್ಯಾಡಾದ್ರ ಬ್ಯಾಡ್ರಿ,” ಎಂದ ಕಲ್ಲಿನಾಥ.

“ಇಳಿಸ್ತೇನಿ.”

ಟೋ ಮೋಡ್ ಒತ್ತಿದಳು. ಎಂ. ಎರಡು. ಬ್ರೇಕಿನಿಂದ ಕಾಲು ತೆಗೆದಳು. ಗಾಡಿ ಮುಗ್ಗರಿಸಿದಂತೆ ಮಾಡಿ, ಹಿಂದಿನ ಭಾರ ಬಂದು ಬೆನ್ನಿಗೆ ಕೂತು, ಇಂಜಿನ್ ಕೂಗಿತು. ಆ ಕೂಗಿನೊಳಗೇ ಅವಳು ಒತ್ತಿದಳು, ಬಿಟ್ಟಳು, ಒತ್ತಿದಳು, ಬಿಟ್ಟಳು. ಮುಳ್ಳು ಇಪ್ಪತ್ತೈದು ದಾಟಲಿಲ್ಲ. ಸೈಕಲ್ಲಿನ ಮೇಲೆ ಹೋಗುತ್ತಿದ್ದ ಮುದುಕನೊಬ್ಬ ಅವರನ್ನು ದಾಟಿ ಹೋದ.

ಇಷ್ಟೇ ಆಗಿತ್ತೇ? ಇಷ್ಟು ಸದ್ದು ತಡೆದುಕೊಂಡಿದ್ದರೆ ಗುರುಶಾಂತ ಇರುತ್ತಿದ್ದನೇ?

ಸೇತುವೆ ದಾಟಿ, ಸಮ ನೆಲಕ್ಕೆ ಬಂದು, ಗಾಡಿ ಬದಿಗೆ ಹಾಕಿ ಇಂಜಿನ್ ಆರಿಸಿದಳು. ಕಲ್ಲಿನಾಥನ ಮುಖ ಅರಳಿತ್ತು. “ನೋಡಿದ್ರೇನು! ಎಷ್ಟು ಚಂದ…”

“ನಿಮ್ಮ ಕೊಂಡಿ ಮೊದಲು ಮುರಿದಿದ್ದಿಲ್ಲ,” ಎಂದಳು ಶಿವಗಂಗಾ.

“ಏನ್ರಿ?”

“ಕೊಂಡಿಯಿಂದ ಅವರು ಸತ್ತಿಲ್ಲ. ಗಾಡಿ ಕೂಗಾಕತ್ತದ, ಬಂದ್ ಮಾಡ್ರಿ ಅಂದೆ ನಾನು. ಅವ್ವನ ಕೂಡ ಮಾತಾಡಬೇಕಿತ್ತು. ಅವರು ಟೋ ಮೋಡ್ ಬಂದ್ ಮಾಡಿ ನ್ಯೂಟ್ರಲ್ ಹಾಕಿದ್ರು. ಬ್ರೇಕ್ ಸುಟ್ಟು ಹೋತು. ಗ್ವಾಡಿಗೆ ಬಡಿದ ಮ್ಯಾಲ ಕೊಂಡಿ ಮುರೀತು. ನಾ ಕಣ್ಣಾರೆ ನೋಡೇನಿ. ದವಾಖಾನ್ಯಾಗ ಕೇಳಿದ್ರು, ಸುಳ್ಳಿಗೆ ಹೌದಂತ ಗೋಣು ಹಾಕ್ದೆ.”

ಅವನು ತೊಡೆಯ ಮೇಲಿನ ಪುಸ್ತಕ ಮುಚ್ಚಿದ. ಆಮೇಲೆ, “ಇನ್ನೊಮ್ಮೆ ಹೇಳ್ರಿ,” ಎಂದ.

ಅವಳು ಇನ್ನೊಮ್ಮೆ ಹೇಳಿದಳು. ಅದೇ ಮಾತುಗಳನ್ನು, ಒಂದನ್ನೂ ಮೆತ್ತಗೆ ಮಾಡದೆ.

“ಟ್ರೇಲರ್ ಮೊದಲು ಯಾವ ಕಡೆ ಹೊರಳ್ತು?”

“ಎಡಕ್ಕ.”

“ಬಡಿಯೂಕಿಂತ ಮೊದಲೋ, ಆಮ್ಯಾಲೋ?”

“ಆಮ್ಯಾಲ.”

ಅವನು ಬಾಗಿಲು ತೆರೆದು ಇಳಿದು, ರಸ್ತೆಯ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತ. ಬೆನ್ನು ಅಲುಗುತ್ತಿತ್ತು. ಅಳುತ್ತಿದ್ದಾನೆಂದು ಅವಳು ಇಳಿದು ಹತ್ತಿರ ಹೋದಳು. ಅವನು ನಗುತ್ತಿದ್ದ. ಕೇಳಲಾಗದಂಥ ನಗು.

“ಎರಡು ವರ್ಷ,” ಎಂದ. “ಮಂದಿ ಮನಿ ಕಿಟಕಿ ಗ್ರಿಲ್ಲಿಗೂ ಮೂರು ಮೂರು ಸಲ ವೆಲ್ಡ್ ಹೊಡೀತಿದ್ದೆ. ಕಿಟಕಿ ಬಿದ್ದು ಯಾರರೆ ಸತ್ತಾರು ಅಂತ! ರಾತ್ರಿ ಎದ್ದು ಕೈ ನೋಡ್ಕೋತಿದ್ದೆ. ನೀವು ಅಲ್ಲೇ ಇದ್ರಿ. ಹನ್ನೆರಡು ಮೈಲಿ ದೂರ. ಒಂದು ಮಾತು.”

“ಹೌದ್ರಿ.”

“ನನ್ನ ಪಾಪ ತೊಳಿಯಾಕ ನಿಮಗ ಗಾಡಿ ಕಲಿಸಾಕತ್ತೇನಿ ಅಂತ ತಿಳಿದಿದ್ದೆ ನಾನು.” ಎದ್ದು ನಿಂತು ಚಷ್ಮಾ ತೆಗೆದು ಒರೆಸಿದ. ಚುಕ್ಕಿಗಳು ಹೋಗಲಿಲ್ಲ. “ಗಾಡಿ ನಿಮಗ ಬಂತು. ಇನ್ನ ನಾ ಬೇಕಾಗಿಲ್ಲ.”

ಇಳಿದ ದಾರಿಯನ್ನೇ ಹಿಡಿದು ಅವನು ಏರು ಹತ್ತಿದ. ಒಮ್ಮೆಯೂ ಹಿಂತಿರುಗಿ ನೋಡಲಿಲ್ಲ. ಸೇತುವೆಯ ಹೊಸ ಸಿಮೆಂಟಿನ ಹತ್ತಿರ ಮಾತ್ರ ಒಂದು ಗಳಿಗೆ ನಿಂತ.

*

ಭಾನುವಾರ ಬೆಳಿಗ್ಗೆ ಬೀರಲಿಂಗಪ್ಪನ ಕಟ್ಟೆಯ ಮೇಲೆ ರಾಶಿಯ ಮಾತಾಡಲು ನಾಲ್ಕು ಜನ ಕೂಡಿದ್ದರು. ಖಾದರಸಾಬನೂ ಇದ್ದ. ಶಿವಗಂಗಾ ಚಹಾದ ತಾಟು ಕೆಳಗಿಟ್ಟು, ಒಳಗೆ ಹೋಗದೆ ಅಲ್ಲಿಯೇ ನಿಂತಳು.

“ಯಾಕ ಬೇ?” ಎಂದಳು ಅತ್ತೆ ಸಕ್ಕುಬಾಯಿ ಬಾಗಿಲಿನಿಂದ.

“ಒಂದು ಮಾತು ಹೇಳೂದದ್ರಿ ಅತ್ತಿ. ಎಲ್ಲಾರ ಮುಂದ.”

ಹೇಳಿದಳು. ನಿನ್ನೆ ಎರಡು ಸಲ ಹೇಳಿದ್ದರಿಂದ ಮಾತು ತಡವರಿಸಲಿಲ್ಲ. ಮುಗಿಸಿದಾಗ ಚಹಾದ ಮೇಲೆ ಕೆನೆ ಕಟ್ಟಿತ್ತು. ಖಾದರಸಾಬ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡ. “ಯಾ ಅಲ್ಲಾ,” ಎಂದ. “ಊರೆಲ್ಲ ಹೇಳಿದಾವ ನಾನ. ಆ ಹುಡುಗನ ಅಂಗಡಿ ಮುಂದ ಹಾದು ಹೋಗೂವಾಗ ಉಗುಳಿದಾವ ನಾನ.” ಆಗಲೇ ಎದ್ದು ಫೋನು ಹಿಡಿದು ಹೊರಗೆ ಹೋದ.

ಬೀರಲಿಂಗಪ್ಪ ಸೊಸೆಯನ್ನು ಒಂದೇ ಪ್ರಶ್ನೆ ಕೇಳಿದ. “ಕಡೀಕ ಏನಂದ ನನ್ನ ಮಗ?”

“ಈಗ ಮಾತಾಡು ಮಹಾರಾಣಿ ಅಂದ್ರು.”

ಮುದುಕ ಕೋಲು ಊರಿ ಎದ್ದು ಒಳಗೆ ಹೋದ. ಆ ಹೊತ್ತಿನಿಂದ ಅವಳ ಜೊತೆ ಮಾತು ಬಿಟ್ಟ. ಹೊರಗೆ ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಸಂಜೆಗೆ ಹೆಂಡತಿಯ ಕೂಡ, ಶಿವಗಂಗಾಳಿಗೆ ಕೇಳುವಂತೆ, “ಜೇವರ್ಗಿ ಮಂದಿ ಕಾಯಾಕತ್ತಾರ, ಮುಂಜಾನೆ ಮಷಿನ್ ಹೊಂಡಬೇಕಂತ ಹೇಳು ಅಕಿಗೆ,” ಎಂದ. ಸಕ್ಕುಬಾಯಿ ಸೊಸೆಯ ಮುಖ ನೋಡದೆ ಆ ಮಾತನ್ನು ಅಡುಗೆಮನೆಗೆ ತಂದು ಹಾಕಿ, ಒಲೆಯ ಮುಂದೆ ಕೂತು ಮಗನ ಹೆಸರು ಹಿಡಿದು ಅತ್ತಳು.

*

ಸೋಮವಾರ ಜೇವರ್ಗಿಯ ದಾರಿ ಹಿಡಿಯುವ ಮೊದಲು, ಒಂಬತ್ತರ ಹೊತ್ತಿಗೆ ಅಫಜಲಪುರದ ಬಸ್ ಸ್ಟ್ಯಾಂಡಿನ ಹೊರಗೆ ಶಿವಗಂಗಾ ಪಿಕಪ್ ನಿಲ್ಲಿಸಿದಳು. ಹಿಂದೆ ಮಷಿನ್ನು. ಪಕ್ಕದಲ್ಲಿ ಬೀರಲಿಂಗಪ್ಪ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ. “ಐದು ಮಿನಿಟ್ರಿ ಮಾವಾರ,” ಎಂದಳು.

ಸೋಲಾಪುರದ ಬಸ್ಸು ಗುರುಗುಟ್ಟುತ್ತಿತ್ತು. ಕಲ್ಲಿನಾಥ ಕಿಟಕಿಯ ಬದಿಗೆ, ತೊಡೆಯ ಮೇಲೆ ಟ್ರಂಕ್ ಇಟ್ಟುಕೊಂಡು ಕೂತಿದ್ದ. ಅವಳನ್ನು ಕಂಡು ಮುಖ ಆಚೆ ತಿರುಗಿಸಲಿಲ್ಲ. ಅಷ್ಟಕ್ಕೇ ಅವಳ ಎದೆ ಹಗುರಾಯಿತು.

“ನಿಮ್ಮನ್ನ ನಿಲ್ಲಸಾಕ ಬಂದಿಲ್ರಿ,” ಎಂದಳು ಕಿಟಕಿಯ ಕೆಳಗೆ ನಿಂತು. “ಹೇಳೇನಿ ಅಂತ ಹೇಳಾಕ ಬಂದೆ. ಎಲ್ಲಾರ ಮುಂದ ಹೇಳೇನಿ.”

“ಗೊತ್ತು. ನಿನ್ನೆಯಿಂದ ಹದಿನಾಲ್ಕು ಫೋನ್ ಬಂದಾವ. ಖಾದರಸಾಬಂದ ಆರು. ಅಳಾಕತ್ತಾನ ಪಾಪ ಮುದುಕ. ಒಬ್ಬಾಂವ ಟ್ರೇಲರ್ ಕಟ್ಟಿಕೊಡು ಅಂತಾನ.”

“ಮತ್ತ ಹೋಗ್ತೀರಿ?”

“ಹೋಗ್ತೇನಿ. ಇಲ್ಲೇ ಇದ್ರ ದಿನಾ ಮುಂಜಾನೆ ಎದ್ದು ನಿಮ್ಮನ್ನ ಕ್ಷಮಾ ಮಾಡಬೇಕಾಗ್ತದ. ಒಂದಿನ ಆಗ್ತದ, ಒಂದಿನ ಆಗೂದಿಲ್ಲ. ಆಗದ ದಿನ ನಿಮ್ಮ ಮುಂದ ಇರಬಾರದು ನಾನು.”

ಅವಳು ಕಿಟಕಿಯ ಸರಳು ಹಿಡಿದಳು. ಅವನ ಬೆರಳು ಅದೇ ಸರಳಿನ ಮೇಲಿದ್ದವು, ಒಂದು ಗೇಣು ದೂರದಲ್ಲಿ. ಯಾರೂ ಸರಿಸಲಿಲ್ಲ, ಯಾರೂ ಹತ್ತಿರ ತರಲಿಲ್ಲ.

“ಇನ್ನೊಂದು ಮಾತದ್ರಿ,” ಎಂದಳು. “ಹೇಳಾಕ ಹಕ್ಕಿಲ್ಲ ನನಗ. ಆದ್ರೂ ಅದ. ನನಗ ನೀವು ಬೇಕ್ರಿ.”

ಕಂಡಕ್ಟರ್ ಬಾಗಿಲು ಬಡಿದು ಊರಿನ ಹೆಸರು ಒದರಿದ. ಕಲ್ಲಿನಾಥ ಕಿಟಕಿಗೆ ಬಾಗಿದ.

“ಶುಕ್ರವಾರ ರೊಟ್ಟಿ ತಿನ್ನೂವಾಗ ಇದನ್ನ ಅಂದಿದ್ರ ನಾ ಅಲ್ಲೇ ಉಳೀತಿದ್ದೆ,” ಎಂದ. “ಖುಷಿಲೇ ಉಳೀತಿದ್ದೆ. ಆಮ್ಯಾಲ ಯಾವಾಗರೆ ಖರೇ ಗೊತ್ತಾದ್ರ ನಿಮ್ಮ ಮುಖಾ ನೋಡ್ತಿದ್ದಿಲ್ಲ. ನೀವು ಅದನ್ನ ಮೊದಲು ಹೇಳಿದ್ರಿ, ಇದನ್ನ ಆಮ್ಯಾಲ ಹೇಳಿದ್ರಿ. ಅಷ್ಟು ಸಾಕಾಗ್ತದೋ ಏನೋ. ನೋಡ್ತೇನಿ. ಯುಗಾದಿಗೆ ಬರ್ತೇನಿ.”

“ಬಂದು?”

“ನಿಮ್ಮ ಮಂದ್ಯಾಗ ಉಡಿಕೆ ಅದಂತಲ್ಲ, ಗಂಡ ಸತ್ತಾಕಿಗೆ ಎರಡನೇ ಸಲ ಸೀರಿ ಉಡಿಸೂದು. ಹಿರ್ಯಾರು ಒಪ್ಪಬೇಕಂತ.”

“ನಿಮ್ಮ ಮಂದಿ ಬ್ಯಾರೆ, ನಮ್ಮ ಮಂದಿ ಬ್ಯಾರೆ. ಎರಡೂ ಕಡೆ ಬ್ಯಾಡ ಅಂತಾರ. ಮತ್ತ ಮಾವಾರು ನನ್ನ ಕೂಡ ಮಾತೇ ಬಿಟ್ಟಾರ.”

“ಮಾತು ಬಿಟ್ಟಾವ ಬ್ಯಾಡ ಅಂತ ಹ್ಯಾಂಗ ಅಂತಾನ?”

ಅವಳಿಗೆ ನಗು ಬಂದು, ನಗುವಿನ ಜೊತೆ ಅಳುವೂ ಬಂದು, ಎರಡನ್ನೂ ಸೆರಗಿನಲ್ಲಿ ಒತ್ತಿ ಹಿಡಿದಳು. ಬಸ್ಸು ಅಲುಗಿತು. ಅವನ ಬೆರಳು ಸರಳಿನ ಮೇಲೆ ಒಮ್ಮೆ ಅವಳ ಕಡೆ ಜರುಗಿ, ಅವಳ ಉಗುರಿಗೆ ತಾಗಿ, ಬಸ್ಸಿನ ಜೊತೆ ಹೋದವು. ಅವಳು ಎರಡು ಹೆಜ್ಜೆ ಜೊತೆಗೆ ನಡೆದು ನಿಂತುಬಿಟ್ಟಳು.

ಪಿಕಪ್ಪಿಗೆ ಮರಳಿ ಬಂದು ಕೂತಾಗ ಬೀರಲಿಂಗಪ್ಪ ಮುಂದಿನ ಗಾಜಿನಾಚೆ ನೋಡುತ್ತಿದ್ದ. ಸೋಲಾಪುರದ ಬಸ್ಸು ಎಬ್ಬಿಸಿದ ಧೂಳು ಇನ್ನೂ ಇಳಿದಿರಲಿಲ್ಲ.

“ಹೋದನೇನು?” ಎಂದ.

ಅವಳು ಬೆಚ್ಚಿದಳು. “ಹೋದ್ರು.”

“ಮತ್ತ ಬರ್ತಾನೇನು?”

“ಯುಗಾದಿಗೆ ಬರ್ತೇನಿ ಅಂದಾರ್ರಿ.”

ಮುದುಕ ಕೋಲಿನ ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿದ.

“ನಿಂದು ಬ್ಯಾರೆ ಮಾತು. ಅದನ್ನ ಕ್ಷಮಾ ಮಾಡೂದು ನನಗ ಇನ್ನೂ ಆಗಿಲ್ಲ, ಆಗ್ತದೋ ಇಲ್ಲೋ,” ಎಂದ. “ಅವ ಬರಲಿ. ಉಣ್ಣಾಕ ಬಂದಾವನ ಮುಖದ ಮ್ಯಾಲ ಬಾಗಲಾ ಹಾಕೇನಿ ನಾನು. ಈ ಸಲ ಅಂವ ಬರೂತನಕ ನಾ ಹೊರಗ ಕಟ್ಟಿ ಮ್ಯಾಲೇ ಕುಂದರ್ತೇನಿ.”